ನಗರಮಧ್ಯದ ತೆರೆದ ಬಾಗಿಲು: ಲಂಡನ್ನಿನ ಸೇಂಟ್ ಮಾರ್ಟಿನ್ ಚರ್ಚು

ನಗರಗಳ ನಡುವೆ ನಿಂತಿರುವ ಹಳೆಯ ದೇವಾಲಯಗಳಿಗೆ ಆಧುನಿಕ ಯುಗದಲ್ಲಿ ಒದಗಿದ ಸಮಸ್ಯೆ ಬಹುಮಟ್ಟಿಗೆ ಒಂದೇ. ಸುತ್ತಲಿನ ಮನೆಗಳು ಕಚೇರಿಗಳೂ ಅಂಗಡಿಗಳೂ ಆಗಿ ಮಾರ್ಪಟ್ಟಂತೆ ನೆರೆಹೊರೆಯ ಭಕ್ತಸಮುದಾಯ ಕರಗುತ್ತದೆ. ಕಟ್ಟಡ ಮಾತ್ರ ಉಳಿಯುತ್ತದೆ. ಅದು ಯಾರಿಗಾಗಿ ಉಳಿಯಬೇಕು, ಯಾರ ಹಣದಿಂದ ಉಳಿಯಬೇಕು ಎಂಬ ಪ್ರಶ್ನೆಗೆ ಲಂಡನ್ನಿನ ಟ್ರಫಾಲ್ಗರ್ ಚೌಕದ ಅಂಚಿನಲ್ಲಿರುವ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ಎಂಬ ಆಂಗ್ಲಿಕನ್ ಚರ್ಚು ನೂರು ವರ್ಷಗಳಿಂದ ಉತ್ತರ ಹುಡುಕುತ್ತ ಬಂದಿದೆ. ಎಲ್ಲರನ್ನೂ ಸ್ವಾಗತಿಸುವ ಸ್ಥಳವೆಂಬ ಕೀರ್ತಿ ಇದಕ್ಕುಂಟು. ಆದರೆ ಆ ಸ್ವಾಗತ ಅದರ ಹುಟ್ಟುಗುಣವಲ್ಲ, ಕಾಲಕಾಲಕ್ಕೆ ಕೈಗೊಂಡ ನಿರ್ಧಾರಗಳ ಫಲ ಎಂಬುದನ್ನು ತೋರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಈ ಚರ್ಚಿನ ಮೊದಲ ಉಲ್ಲೇಖ ದೊರೆಯುವುದು ೧೨೨೨ರಲ್ಲಿ. ಅದೂ ಒಂದು ವ್ಯಾಜ್ಯದ ಸಂದರ್ಭದಲ್ಲಿ. ಇದರ ಮೇಲಿನ ಅಧಿಕಾರ ಯಾರದೆಂದು ವೆಸ್ಟ್‌ಮಿನ್‌ಸ್ಟರ್ ಮಠದವರಿಗೂ ಲಂಡನ್ನಿನ ಬಿಷಪ್ಪರಿಗೂ ವಿವಾದ ನಡೆದಿತ್ತು. ಲಂಡನ್ ಪಟ್ಟಣಕ್ಕೂ ವೆಸ್ಟ್‌ಮಿನ್‌ಸ್ಟರಿಗೂ ನಡುವೆ ಆಗ ಇದ್ದುದು ಬರಿಯ ಹೊಲಗಳು. ಚರ್ಚಿನ ಹೆಸರಿನಲ್ಲಿ ಅವು ಇಂದಿಗೂ ಉಳಿದಿವೆ. ೧೫೪೨ರಲ್ಲಿ ಎಂಟನೆಯ ಹೆನ್ರಿ ಇದನ್ನು ಪುನಃ ಕಟ್ಟಿಸಿದನು. ಪ್ಲೇಗುಪೀಡಿತರು ತನ್ನ ವೈಟ್‌ಹಾಲ್ ಅರಮನೆಯ ಆವರಣವನ್ನು ಹಾದು ಹೋಗದಿರಲೆಂಬುದೇ ಅದರ ಕಾರಣವೆಂದು ಹೇಳಲಾಗಿದೆ. ಹಾಗಿದ್ದಲ್ಲಿ, ಮುಂದೆ ಯಾರನ್ನೂ ಹೊರಗಿಡದೆಂದು ಹೆಸರಾದ ಚರ್ಚು ರೋಗಿಗಳನ್ನು ದೂರವಿಡುವ ಉಪಾಯವಾಗಿ ಬೆಳೆಯಿತೆಂದಾಯಿತು. ಭಿಕ್ಷುಕನಿಗೆ ತನ್ನ ನಿಲುವಂಗಿಯನ್ನು ಸೀಳಿ ಅರ್ಧ ಕೊಟ್ಟನೆಂಬ ಐತಿಹ್ಯವುಳ್ಳ ಸಂತ ಮಾರ್ಟಿನ್ನನ ಹೆಸರನ್ನು ಅದು ಆಗಲೇ ಹೊತ್ತಿತ್ತೆಂಬುದು ಗಮನಾರ್ಹ.

ಈಗಿನ ಕಟ್ಟಡ ಜೇಮ್ಸ್ ಗಿಬ್ಸ್ ಎಂಬ ಶಿಲ್ಪಿಯ ಕೃತಿ, ೧೭೨೬ರಲ್ಲಿ ಪೂರ್ಣಗೊಂಡಿತು. ಕಂಬಗಳ ಮುಖಮಂಟಪದ ಹಿಂದಿನಿಂದ ಎತ್ತರದ ಶಿಖರವನ್ನು ಎಬ್ಬಿಸಿದ ಈ ವಿನ್ಯಾಸವನ್ನು ಗಿಬ್ಸನ ೧೭೨೮ರ ಶಿಲ್ಪಗ್ರಂಥದ ಮೂಲಕ ಅಮೆರಿಕದಿಂದ ಭಾರತದವರೆಗೆ ಅನುಕರಿಸಿದರು. ೧೮೨೧ರಲ್ಲಿ ತೆರೆದ ಮದರಾಸಿನ ಸೇಂಟ್ ಆಂಡ್ರೂಸ್ ಚರ್ಚು ಇದರ ಮಾದರಿಯನ್ನು ಅನುಸರಿಸಿದ್ದು. ಅದನ್ನು ಕಟ್ಟಿಸಿದ ಥಾಮಸ್ ಡಿ ಹ್ಯಾವಿಲೆಂಡನೇ ಶ್ರೀರಂಗಪಟ್ಟಣದಲ್ಲಿ ಆ ಮೊದಲು ಇಟ್ಟಿಗೆಯ ಪ್ರಸಿದ್ಧ ಕಮಾನನ್ನು ನಿರ್ಮಿಸಿದ್ದವನೆಂಬುದು ನಮ್ಮ ನಾಡಿನ ವಿದ್ಯಾರ್ಥಿಗಳಿಗೆ ಸ್ವಾರಸ್ಯದ ಸಂಗತಿ. ಆದರೆ ಅನುಕರಣೆಗೊಂಡದ್ದು ಕಟ್ಟಡದ ರೂಪ ಮಾತ್ರ. ಬಾಗಿಲನ್ನು ಯಾರಿಗೆ ತೆರೆಯಬೇಕೆಂಬುದು ಶಿಲ್ಪಿಯ ನಕ್ಷೆಯಲ್ಲಿ ಇರುವಂಥದಲ್ಲ. ರಾಜಮನೆತನದವರಿಗೆ ಪ್ರತ್ಯೇಕ ಆಸನಸ್ಥಾನವಿದ್ದ ಈ ಚರ್ಚು ಬಹುಕಾಲ ಪ್ರತಿಷ್ಠಿತರ ಚರ್ಚಾಗಿಯೇ ಇತ್ತು.

ನಿಜವಾದ ತಿರುವು ೧೯೧೪ರಲ್ಲಿ ಬಂತು. ಆ ವರ್ಷ ಸಭಾಪಾಲಕರಾಗಿ ಬಂದ ಡಿಕ್ ಶೆಪರ್ಡ್ ಅವರು, ಸಮೀಪದ ಚೇರಿಂಗ್ ಕ್ರಾಸ್ ರೈಲುನಿಲ್ದಾಣದಿಂದ ಯುದ್ಧರಂಗಕ್ಕೆ ಹೋಗಿಬರುವ ಸೈನಿಕರಿಗಾಗಿ ಚರ್ಚನ್ನು ರಾತ್ರಿಯೂ ತೆರೆದಿಟ್ಟರು. ಯುದ್ಧ ಮುಗಿದ ಮೇಲೆ ನಿರಾಶ್ರಿತರಿಗೆ ಅದೇ ಬಾಗಿಲು ತೆರೆದಿತ್ತು. ೧೯೨೪ರ ಜನವರಿ ೬ರಂದು ಬಿ.ಬಿ.ಸಿ. ಪ್ರಸಾರ ಮಾಡಿದ ಪ್ರಥಮ ಪೂಜಾವಿಧಿ ನಡೆದದ್ದು ಇಲ್ಲಿಯೇ. ಚರ್ಚಿಗೆ ಎಂದೂ ಕಾಲಿಡದವರು ಕೂಡ ಇದರಿಂದ ಅದರ ಬಳಗಕ್ಕೆ ಸೇರಿದರು. ೧೯೨೭ರಿಂದ ನಡೆದು ಬಂದಿರುವ ಕ್ರಿಸ್‌ಮಸ್ ಕಾಲದ ಆಕಾಶವಾಣಿ ಮನವಿಗೆ ಅವರೇ ಹಣ ಕಳುಹಿಸತೊಡಗಿದರು. ನೆರೆಯ ಭಕ್ತರು ವಿರಳರಾದಾಗ ದೂರದ ಶ್ರೋತೃಗಳು ಆಧಾರವಾದರು. ಎರಡನೆಯ ಮಹಾಯುದ್ಧದಲ್ಲಿ ನೆಲಮಾಳಿಗೆಯು ಬಾಂಬುದಾಳಿಯಿಂದ ರಕ್ಷಣೆ ಪಡೆಯುವ ತಾಣವಾಯಿತು.

ಈ ಬಾಗಿಲಿನಿಂದ ಹೊರಟ ಸಂಸ್ಥೆಗಳೂ ಉಂಟು. ನೆವಿಲ್ ಮ್ಯಾರಿನರ್ ಸ್ಥಾಪಿಸಿದ, ಚರ್ಚಿನ ಹೆಸರನ್ನೇ ಹೊತ್ತ ವಾದ್ಯವೃಂದವು ತನ್ನ ಮೊದಲ ಕಚೇರಿಯನ್ನು ೧೯೫೯ರಲ್ಲಿ ಇಲ್ಲಿ ನಡೆಸಿತು. ವಸತಿಹೀನರ ಪರವಾಗಿ ಹೋರಾಡುವ 'ಶೆಲ್ಟರ್' ಸಂಸ್ಥೆ ೧೯೬೬ರ ಡಿಸೆಂಬರಿನಲ್ಲಿ ಇಲ್ಲಿಂದಲೇ ಕಾರ್ಯಾರಂಭ ಮಾಡಿತು. ಲಂಡನ್ನಿನಲ್ಲಿ ಮನೆಯಿಲ್ಲದೆ ಸತ್ತವರ ಹೆಸರುಗಳನ್ನು ಓದಿ ಸ್ಮರಿಸುವ ವಾರ್ಷಿಕ ಆರಾಧನೆಯೂ ಇಲ್ಲಿ ನಡೆಯುತ್ತ ಬಂದಿದೆ. ಹೆಸರು ಹಿಡಿದು ಕರೆಯುವವರಿಲ್ಲದೆ ಬಾಳಿದವರ ಹೆಸರು ಸತ್ತ ಬಳಿಕವಾದರೂ ಒಂದು ಸಭೆಯ ಕಿವಿಗೆ ಬೀಳುವುದು ಅಲ್ಪವಾದ ಮಾತಲ್ಲ.

ಇಷ್ಟಕ್ಕೂ ಹಣ ಬೇಕು. ೧೯೮೦ರ ದಶಕದಲ್ಲಿ ಚರ್ಚು ನೆಲಮಾಳಿಗೆಯಲ್ಲಿ ಉಪಾಹಾರಗೃಹವನ್ನೂ ಅಂಗಡಿಯನ್ನೂ ತೆರೆದು ಸ್ವಂತ ಉದ್ಯಮ ನಡೆಸತೊಡಗಿತು. ಅದರ ಲಾಭವೂ ಸಂಗೀತ ಕಚೇರಿಗಳ ವರಮಾನವೂ ಚರ್ಚಿನ ನಿರ್ವಹಣೆಗೆ ಒದಗಿದವು. ೨೦೦೮ರಲ್ಲಿ ಮುಗಿದ ಜೀರ್ಣೋದ್ಧಾರಕ್ಕೆ ಸುಮಾರು ೩ ಕೋಟಿ ೬೦ ಲಕ್ಷ ಪೌಂಡು ವೆಚ್ಚವಾಯಿತು. ೨೦೧೨ರಲ್ಲಿ ಸಭಾಪಾಲಕರಾದ ಸ್ಯಾಮ್ ವೆಲ್ಸ್ ಅವರ ಕಾಲದಲ್ಲಿ, ಸಭೆ, ಸಂಸ್ಕೃತಿ, ಕರುಣೆ, ವಾಣಿಜ್ಯ ಎಂಬ ನಾಲ್ಕನ್ನು ಒಟ್ಟಿಗೆ ನಡೆಸುವ ಕ್ರಮವನ್ನು ಇತರ ಚರ್ಚುಗಳಿಗೂ ಹಂಚಲೆಂದು 'ಹಾರ್ಟ್‌ಎಡ್ಜ್' ಎಂಬ ಕೂಟ ೨೦೧೭ರಲ್ಲಿ ಆರಂಭವಾಯಿತು.

೨೦೨೦ರ ಮಹಾಮಾರಿ ಈ ಕ್ರಮವನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಸರ್ಕಾರದ ಆಜ್ಞೆಯಂತೆ ಬಾಗಿಲು ಮುಚ್ಚಿತು. ಪ್ರವಾಸಿಗಳಿಲ್ಲದೆ ವ್ಯಾಪಾರ ನಿಂತಿತು. ನೌಕರರು ಕೆಲಸ ಕಳೆದುಕೊಂಡರು. ವಾಣಿಜ್ಯವನ್ನು ನೆಚ್ಚಿದ ಸೇವೆ ಅದರೊಡನೆ ಕುಸಿಯಬಹುದೆಂಬ ಅಪಾಯ ಸ್ಪಷ್ಟವಾಯಿತು. ಆದರೆ ಹತ್ತಿರದ ಭಕ್ತರ ಕಾಣಿಕೆಯೊಂದನ್ನೇ ನೆಚ್ಚಿದ್ದರೆ ಈ ಚರ್ಚು ಇದಕ್ಕೂ ಬಹಳ ಮೊದಲೇ ಸೊರಗುತ್ತಿತ್ತೆಂಬುದನ್ನೂ ನಾವು ಮರೆಯಲಾಗದು.

ಆದುದರಿಂದ ನಗರಮಧ್ಯದ ಚರ್ಚಿನ ಭವಿಷ್ಯ ಅದರ ಶಿಖರದ ಪ್ರಾಚೀನತೆಯಲ್ಲಾಗಲಿ, ಉಪಾಹಾರಗೃಹದ ಲೆಕ್ಕಪುಸ್ತಕದಲ್ಲಾಗಲಿ ಮಾತ್ರ ಇಲ್ಲವೆಂದು ನಾವು ಭಾವಿಸುತ್ತೇವೆ. ಹಣ ತರುವ ಅತಿಥಿಗೂ ಹಣವಿಲ್ಲದ ಅತಿಥಿಗೂ ಒಂದೇ ಬಾಗಿಲು ಇರುವವರೆಗೆ ವಾಣಿಜ್ಯವು ಸಾಧನವಾಗಿರುತ್ತದೆ; ಎರಡನೆಯವನಿಗೆ ಹಿಂಬಾಗಿಲನ್ನು ತೋರಿಸಿದ ದಿನ ಅದೇ ಗುರಿಯಾಗುತ್ತದೆ. ೧೫೪೨ರಲ್ಲಿ ದೂರವಿಡಲೆಂದು ಕಟ್ಟಿದುದನ್ನು ೧೯೧೪ರಲ್ಲಿ ಬರಮಾಡಿಕೊಳ್ಳಲೆಂದು ತೆರೆಯುವುದು ಸಾಧ್ಯವಾಯಿತು. ಇದಕ್ಕೆ ವಿರುದ್ಧವಾದ ಪರಿವರ್ತನೆಯೂ ಅಷ್ಟೇ ಸಾಧ್ಯ. ಪ್ರತಿ ತಲೆಮಾರೂ ಆ ನಿರ್ಧಾರವನ್ನು ಹೊಸದಾಗಿ ಕೈಗೊಳ್ಳಬೇಕಾಗಿದೆ.