ಅಂಗಡಿ ಫ್ರೀಜರ್ ಮೇಲೆ ಹಕ್ಕು ಯಾರದು? ಐರ್ಲೆಂಡಿನ ಐಸ್‌ಕ್ರೀಂ ವ್ಯಾಜ್ಯದ ಕಥೆ

ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಕಂಪನಿ ಹೆಸರು ಹೊತ್ತ ಫ್ರಿಜ್. ಪಕ್ಕದಲ್ಲಿ ಚಿಪ್ಸ್ ತೂಗುಹಾಕುವ ಸ್ಟ್ಯಾಂಡ್, ಗಲ್ಲಾಪೆಟ್ಟಿಗೆ ಹತ್ತಿರ ಚಾಕೊಲೇಟ್ ಜೋಡಿಸಿದ ಡಬ್ಬ. ಇವುಗಳಲ್ಲಿ ಬಹಳಷ್ಟನ್ನು ಅಂಗಡಿಯವರು ಕೊಂಡಿರುವುದಿಲ್ಲ, ಕಂಪನಿಯವರೇ ತಂದಿಟ್ಟು ಹೋಗಿರುತ್ತಾರೆ. ಹಾಗಾದರೆ ಅದರೊಳಗೆ ಬೇರೆ ಕಂಪನಿಯ ಮಾಲು ಇಡಬಹುದೇ? ನಮ್ಮ ಕಡೆ ಈ ಪ್ರಶ್ನೆ ಅಂಗಡಿಯವರಿಗೂ ಸೇಲ್ಸ್‌ಮನ್‌ಗೂ ನಡುವೆ ಬಾಯಿಮಾತಿನಲ್ಲೇ ಮುಗಿದುಹೋಗುತ್ತದೆ. ಯುರೋಪಿನ ಐರ್ಲೆಂಡಿನಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಗಿ, 1990ರಿಂದ 2006ರವರೆಗೆ ಎಳೆಯಿತು.

ಐರ್ಲೆಂಡ್ ಇಂಗ್ಲೆಂಡಿನ ಪಕ್ಕದ ಸಣ್ಣ ದೇಶ. ಹಸಿರು ಹುಲ್ಲು, ದನ, ಹಾಲು ಅಲ್ಲಿನ ಹಳ್ಳಿಗಳ ಬದುಕು. ರಾಜಧಾನಿ ಡಬ್ಲಿನ್ ಪಕ್ಕದಲ್ಲಿ ಹೈನು ನಡೆಸುತ್ತಿದ್ದ ಹ್ಯೂಸ್ ಅಣ್ಣತಮ್ಮಂದಿರು 1926ರಲ್ಲಿ ಐಸ್‌ಕ್ರೀಂ ಮಾಡಲು ಶುರುಮಾಡಿದರು. ಹ್ಯೂಸ್ ಬ್ರದರ್ಸ್ ಎಂಬುದೇ ಎಚ್‌ಬಿ ಆಯಿತು. 1973ರಲ್ಲಿ ಅದು ಯೂನಿಲಿವರ್ ಕೈಸೇರಿತು. ನಮ್ಮಲ್ಲಿ ಲೈಫ್‌ಬಾಯ್, ಸರ್ಫ್ ಮಾರುವ ಹಿಂದೂಸ್ತಾನ್ ಯೂನಿಲಿವರ್ ಇದೆಯಲ್ಲ, ಅದೇ ಬಳಗ.

ಎಚ್‌ಬಿ ಬೆಳೆದದ್ದು ಫ್ರೀಜರ್ ಮೂಲಕ. ಕಾಗದ ಸುತ್ತಿದ ಒಂಟಿ ಐಸ್‌ಕ್ರೀಂ ಅನ್ನು ಯಾರೂ ಮನೆಯಿಂದ ಚೀಟಿ ಬರೆದುಕೊಂಡು ಬಂದು ಕೊಳ್ಳುವುದಿಲ್ಲ. ಕಂಡರೆ ಆಸೆ, ಆಸೆಯಾದರೆ ವ್ಯಾಪಾರ. ಹಾಗಾಗಿ ಪೆಟ್ಟಿಗೆ ಅಂಗಡಿಯಲ್ಲಿ ಕಾಣುವಂತೆ ಇರಬೇಕು. ಎಚ್‌ಬಿ ಪುಕ್ಕಟೆಯಾಗಿ ಫ್ರೀಜರ್ ಕೊಟ್ಟಿತು, ಕೆಟ್ಟರೆ ತಾನೇ ರಿಪೇರಿ ಮಾಡಿಸಿತು. ಷರತ್ತು ಒಂದೇ: ಅದರೊಳಗೆ ಎಚ್‌ಬಿ ಮಾಲು ಬಿಟ್ಟು ಬೇರೆ ಯಾವುದೂ ಇರಕೂಡದು. ದೇಶದ ಈ ಬಗೆಯ ಐಸ್‌ಕ್ರೀಂ ವ್ಯಾಪಾರದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಎಚ್‌ಬಿಯದೇ ಆಗಿತ್ತು.

1989ರಲ್ಲಿ ಮಾರ್ಸ್ ಕಂಪನಿ ತನ್ನ ಚಾಕೊಲೇಟ್ ಹೆಸರಿನ ಐಸ್‌ಕ್ರೀಂ ತಂದಿತು. ಗಿರಾಕಿಗಳು ಕೇಳಿದರು, ಅಂಗಡಿಯವರು ತರಿಸಿದರು. ಇಡುವುದೆಲ್ಲಿ? ಇದ್ದದ್ದೇ ಎಚ್‌ಬಿ ಫ್ರೀಜರ್, ಅದರಲ್ಲೇ ಒಂದು ಮೂಲೆಯಲ್ಲಿ ಇಟ್ಟರು. ಎಚ್‌ಬಿ ಷರತ್ತನ್ನು ನೆನಪಿಸಿ ಪಟ್ಟುಹಿಡಿಯಿತು. 1990ರಲ್ಲಿ ಎರಡೂ ಕಡೆಯವರು ಐರ್ಲೆಂಡಿನ ಹೈಕೋರ್ಟಿಗೆ ಹೋದರು. 1992ರಲ್ಲಿ ಗೆದ್ದದ್ದು ಎಚ್‌ಬಿ. ಅದರ ಫ್ರೀಜರಿನಲ್ಲಿ ಮಾರ್ಸ್ ಮಾಲು ಇಡುವಂತೆ ಅಂಗಡಿಯವರನ್ನು ಪ್ರೇರೇಪಿಸಬಾರದು ಎಂದು ತಡೆಯಾಜ್ಞೆ ಬಂತು.

ಎಚ್‌ಬಿ ವಾದ ತೆಗೆದುಹಾಕುವಂಥದ್ದಲ್ಲ ಎಂದೇ ನಮಗೂ ಅನಿಸುತ್ತದೆ. ನಾನು ಕೊಟ್ಟ ಗಾಡಿಯಲ್ಲಿ ನನ್ನ ಎದುರಾಳಿಯ ಹೊರೆ ಯಾಕೆ ಹೇರಬೇಕು ಎಂದು ಯಾರಾದರೂ ಕೇಳುತ್ತಾರೆ.

ಆದರೆ ಮಾರ್ಸ್ ಅಷ್ಟರಲ್ಲೇ ಯುರೋಪಿನ ದೇಶಗಳ ಒಕ್ಕೂಟದ ಆಯೋಗಕ್ಕೂ ದೂರು ಕೊಟ್ಟಿತ್ತು. ಅಲ್ಲಿ ವಿಷಯವನ್ನು ಬೇರೆ ಕಡೆಯಿಂದ ನೋಡಿದರು. ಫ್ರೀಜರ್ ಯಾರದು ಎಂಬುದಕ್ಕಿಂತ ಅಂಗಡಿಯೊಳಗಿನ ಜಾಗಕ್ಕೆ ಏನಾಯಿತು ಎಂಬುದು ಅವರ ಪ್ರಶ್ನೆ. ದೇಶದ ಸುಮಾರು ಶೇ. 40ರಷ್ಟು ಅಂಗಡಿಗಳಲ್ಲಿ ಈ ಬಗೆಯ ಐಸ್‌ಕ್ರೀಂ ಇಡಲು ಇದ್ದದ್ದು ಎಚ್‌ಬಿ ಫ್ರೀಜರ್ ಮಾತ್ರ. ಸಣ್ಣ ಅಂಗಡಿಯಲ್ಲಿ ಎರಡನೆಯದಕ್ಕೆ ಜಾಗವೆಲ್ಲಿ? ಎರಡು ತಿಂಗಳ ನೋಟಿಸ್ ಕೊಟ್ಟು ಒಪ್ಪಂದ ಬಿಡಲು ಕಾಗದದಲ್ಲಿ ಅವಕಾಶ ಇತ್ತು. ಆದರೆ ಹೆಚ್ಚು ಮಾರಾಟವಾಗುವ ಮಾಲು ಎಚ್‌ಬಿಯದು, ಫ್ರೀಜರ್ ಪುಕ್ಕಟೆ. ಅದನ್ನು ವಾಪಸ್ ಕಳಿಸುವ ಧೈರ್ಯ ಎಷ್ಟು ಜನಕ್ಕೆ ಬರುತ್ತದೆ?

ಪುಕ್ಕಟೆ ಎಂದೆವು. ನಿಜಕ್ಕೂ ಪುಕ್ಕಟೆಯೇನಲ್ಲ. ಫ್ರೀಜರಿನ ಖರ್ಚು ಐಸ್‌ಕ್ರೀಂ ಬೆಲೆಯಲ್ಲೇ ಸೇರಿತ್ತು. ಸ್ವಂತ ಫ್ರೀಜರ್ ಕೊಂಡ ಅಂಗಡಿಯವರಿಗೂ ಎಚ್‌ಬಿ ಮಾಲು ಅದೇ ದರಕ್ಕೆ ಬರುತ್ತಿತ್ತು. ಅಂದರೆ ತಾನು ಪಡೆಯದ ಪೆಟ್ಟಿಗೆಗೂ ಅವರು ದುಡ್ಡು ತೆರುತ್ತಿದ್ದರು! ಇಡೀ ಪ್ರಕರಣದಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು ಇದೇ. 1995ರಲ್ಲಿ ಎಚ್‌ಬಿ, ಅಂಗಡಿಯವರು ಕಂತಿನಲ್ಲಿ ಫ್ರೀಜರ್ ಕೊಳ್ಳುವ ದಾರಿ ಮಾಡಿತು. ಅದರಿಂದ ಅಂದುಕೊಂಡಷ್ಟು ಬದಲಾವಣೆ ಆಗಲಿಲ್ಲ.

1998ರ ಮಾರ್ಚ್ 11ರಂದು ಆಯೋಗವು ಈ ಷರತ್ತು ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂದು ತೀರ್ಮಾನಿಸಿತು. ಒಂದೇ ಷರತ್ತಿಗೆ ದೇಶದ ಹೈಕೋರ್ಟ್ ಸೈ ಅಂದಿತ್ತು, ಆಯೋಗ ಬೇಡ ಅಂದಿತು. ಯಾವುದು ಮೇಲು? ಆಯೋಗದ ತೀರ್ಮಾನಕ್ಕೆ ವಿರುದ್ಧವಾಗಿ ದೇಶದ ಕೋರ್ಟುಗಳು ತೀರ್ಪು ಕೊಡಬಾರದು ಎಂದು 2000ದ ಡಿಸೆಂಬರಿನಲ್ಲಿ ಯುರೋಪಿನ ನ್ಯಾಯಾಲಯ ಹೇಳಿತು. 2003ರ ಅಕ್ಟೋಬರಿನಲ್ಲಿ ಎಚ್‌ಬಿ ಕಡೆಯ ಅರ್ಜಿ ಬಿದ್ದುಹೋಯಿತು. 2006ರಲ್ಲಿ ಕೊನೆಯ ಮೇಲ್ಮನವಿಯೂ ವಜಾ ಆಯಿತು.

ನಮ್ಮ ದೇಶದಲ್ಲೂ 2002ರ ಸ್ಪರ್ಧಾ ಕಾಯ್ದೆ ಇದೆ. ಅದರ 3(4)ನೇ ಕಲಂ, 'ನನ್ನದನ್ನು ಬಿಟ್ಟು ಬೇರೆಯವರದ್ದು ಮಾರಬೇಡ' ಎಂಬಂಥ ಒಪ್ಪಂದಗಳಿಗೂ ಅನ್ವಯಿಸುತ್ತದೆ. ಹಾಗೆಂದು ಫ್ರಿಜ್ ಕೊಟ್ಟು ಷರತ್ತು ಹಾಕಿದ ಕೂಡಲೇ ಅದು ತಪ್ಪಾಗುವುದಿಲ್ಲ. ಆ ಷರತ್ತಿನಿಂದ ಮಾರುಕಟ್ಟೆಯಲ್ಲಿ ಸ್ಪರ್ಧೆಗೆ ಗಣನೀಯ ಪೆಟ್ಟು ಬೀಳುತ್ತದೆಯೇ ಎಂದು ನೋಡಬೇಕಾಗುತ್ತದೆ. ಐರ್ಲೆಂಡಿನಲ್ಲೂ ಲೆಕ್ಕಕ್ಕೆ ಬಂದದ್ದು ಒಂದು ಅಂಗಡಿಯ ಒಂದು ಪೆಟ್ಟಿಗೆಯಲ್ಲ, ದೇಶದ ತುಂಬ ಹರಡಿದ್ದ ಸಾವಿರಾರು ಪೆಟ್ಟಿಗೆಗಳು.

ನಿಮ್ಮೂರಿನ ಅಂಗಡಿಯಲ್ಲಿ ಅಂಥ ಫ್ರಿಜ್ ಇದ್ದರೆ, ಅದನ್ನು ಇಳಿಸಿಕೊಳ್ಳುವಾಗ ಸಹಿ ಮಾಡಿದ ಕಾಗದ ಹುಡುಕಿ ನೋಡಿ ಎಂದು ಅಂಗಡಿಯವರಿಗೆ ಹೇಳಿ. ಠೇವಣಿ ಎಷ್ಟು, ವಾಪಸ್ ಯಾವಾಗ, ಬಿಡಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಒಳಗೆ ಏನು ಇಡಬಾರದು ಎಂಬುದು ಅದರಲ್ಲಿ ಇರಬೇಕು. ಅಂಥ ಕಾಗದ ನಿಮ್ಮ ಕೈಗೆ ಸಿಕ್ಕರೆ, ಹೆಸರು ಮುಚ್ಚಿ ಫೋಟೊ ತೆಗೆದು ನಮಗೆ ಕಳಿಸಿ.