ಗ್ವಾಕಮೋಲೆಯ ಊರು ಯಾವುದು?

ಮೊನ್ನೆ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳ. ಮಗಳು ಗ್ವಾಕಮೋಲೆ ಮಾಡುತ್ತಿದ್ದಳು. ಸಕಲೇಶಪುರದಿಂದ ಬಂದಿರುವ ಅಮ್ಮ ಇಣುಕಿ ನೋಡಿ, "ಇದು ಬೆಣ್ಣೆಹಣ್ಣಿನ ಚಟ್ನಿ ಕಣೇ, ಒಂದು ಸಾಸಿವೆ ಒಗ್ಗರಣೆ ಹಾಕು" ಅಂದರು. "ಅಜ್ಜೀ, ಅಸಲಿ ಗ್ವಾಕಮೋಲೆಗೆ ಒಗ್ಗರಣೆ ಇಲ್ಲ" ಎಂದು ಮಗಳು ಮುಖ ಊದಿಸಿದಳು. ಕಾಫಿ ತೋಟದ ಬೆಣ್ಣೆಹಣ್ಣನ್ನು ಹಾಲು, ಸಕ್ಕರೆ ಹಾಕಿ ಕಿವುಚಿ ಕುಡಿದು ಬೆಳೆದವರು ನಾವು. ಅದಕ್ಕೆ ಉಪ್ಪು-ಖಾರ ಹಾಕುವುದು ನನಗೂ ಹೊಸತು. ಅಸಲಿ ಅಂದರೆ ಯಾವುದು ಎಂದು ಹುಡುಕುತ್ತಾ ಹೊರಟೆ. ಬ್ಯಾಂಕಿನವನ ಚಾಳಿ ನೋಡಿ, ಪ್ರತಿ ಎಂಟ್ರಿಗೂ ವೋಚರ್ ಬೇಕು!

ಮೊದಲ ಸುತ್ತಿನಲ್ಲಿ ಅಮ್ಮನೇ ಗೆದ್ದರು. ಮೆಕ್ಸಿಕೋದ ಆಸ್ಟೆಕ್ ಜನರ ಭಾಷೆ ನಾವಾಟ್ಲ್. ಅದರಲ್ಲಿ 'ಆವಾಕಾಟ್ಲ್' ಎಂದರೆ ಬೆಣ್ಣೆಹಣ್ಣು, 'ಮೊಲ್ಲಿ' ಎಂದರೆ ಅರೆದು ಮಾಡಿದ ಗೊಜ್ಜು. ಎರಡೂ ಸೇರಿ 'ಆವಾಕಾಮೊಲ್ಲಿ', ಸ್ಪ್ಯಾನಿಷರ ಬಾಯಲ್ಲಿ ಗ್ವಾಕಮೋಲೆ. ಅಂದರೆ ಹೆಸರಿನಲ್ಲೇ ಚಟ್ನಿ ಇದೆ. ಅರೆಯುವ ಮೂರು ಕಾಲಿನ ಕಲ್ಲಿನ ಪಾತ್ರೆ 'ಮೊಲ್ಕಾಹೇತೆ', ನಮ್ಮ ಒರಳಿನ ದೂರದ ನೆಂಟ ಅನ್ನಿ.

ಇನ್ನು ಸಾಮಾನಿನ ಪಟ್ಟಿಗೆ ಬರೋಣ. ಬೆಣ್ಣೆಹಣ್ಣು, ಮೆಣಸಿನಕಾಯಿ, ಟೊಮೆಟೊ ಮೂರೂ ಆ ನೆಲದಲ್ಲಿ ಮೊದಲಿನಿಂದ ಇದ್ದವು. ಆದರೆ ನಾವು ಬಳಸುವ ಈರುಳ್ಳಿ, ಕೊತ್ತಂಬರಿ ಸೊಪ್ಪು, ನಿಂಬೆಹಣ್ಣು? ಮೂರೂ ಸ್ಪೇನಿನವರ ಹಡಗಿನಲ್ಲಿ ಬಂದವು. ನಿಂಬೆಯಂತೂ ನಮ್ಮ ಏಷ್ಯಾದ್ದು, ಅರಬರ ಕೈದಾಟಿ ಸ್ಪೇನಿಗೆ ಹೋಗಿ, ಅಲ್ಲಿಂದ ಸಮುದ್ರ ದಾಟಿದ್ದು. ಹಾಗೆ ನೋಡಿದರೆ ಮಗಳ 'ಅಸಲಿ' ಗ್ವಾಕಮೋಲೆಯಲ್ಲಿ ಅರ್ಧ ವಲಸಿಗರೇ!

ಇದೇನೂ ಸಿಹಿ ಕಥೆಯಲ್ಲ. 1519ರಲ್ಲಿ ಕೊರ್ಟೆಸ್ ಮೆಕ್ಸಿಕೋ ತೀರಕ್ಕೆ ಬಂದಿಳಿದ. 1520ರಲ್ಲಿ ಸಿಡುಬು ಹಬ್ಬಿ ಅಲ್ಲಿನ ಜನ ಲೆಕ್ಕವಿಲ್ಲದಷ್ಟು ಸತ್ತರು. 1521ರಲ್ಲಿ ರಾಜಧಾನಿ ಟೆನೋಚ್ಟಿಟ್ಲಾನ್ ಬಿತ್ತು. ಈರುಳ್ಳಿ, ಕೊತ್ತಂಬರಿ ಬಂದದ್ದು ಆ ಕತ್ತಿಯ ಹಿಂದೆಯೇ. ಅದೇ ಶತಮಾನದಲ್ಲಿ ಪೋರ್ಚುಗೀಸರು ಅಮೆರಿಕದ ಮೆಣಸಿನಕಾಯಿಯನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಟೊಮೆಟೊ ಕೂಡ ಅದೇ ಖಂಡದ್ದು. ಇವೆರಡನ್ನೂ ಕಳೆದರೆ ಅಮ್ಮನ ತಿಳಿಸಾರಿನಲ್ಲಿ ಏನು ಉಳಿಯುತ್ತದೆ, ನೀವೇ ಹೇಳಿ.

ಹಣ್ಣಿನ ಕಥೆಯೂ ಇಂಥದ್ದೇ. ಇಂದು ಲೋಕದ ಮಾರುಕಟ್ಟೆ ಆಳುತ್ತಿರುವ ಕಪ್ಪು ಸಿಪ್ಪೆಯ 'ಹ್ಯಾಸ್' ತಳಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ, ರುಡಾಲ್ಫ್ ಹ್ಯಾಸ್ ಎಂಬ ಪೋಸ್ಟ್‌ಮ್ಯಾನ್‌ನ ತೋಟದಲ್ಲಿ. ಅವನು ಕೊಂಡು ನೆಟ್ಟ ಬೀಜ ಯಾವ ಮರದ್ದೋ ಗೊತ್ತಿರಲಿಲ್ಲ. ಕಸಿ ಕಟ್ಟಿದರೆ ಹಿಡಿಯಲಿಲ್ಲ. ಸುಮ್ಮನೆ ಬಿಟ್ಟ ಆ ಗಿಡದ ಹಣ್ಣು ಮಕ್ಕಳಿಗೆ ಇಷ್ಟವಾಯಿತು. 1935ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬಂದದ್ದು ಐದು ಸಾವಿರ ಡಾಲರಿನಷ್ಟೇ ಎನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಇದು ತೀರಾ ಕೆಟ್ಟ ಇನ್ವೆಸ್ಟ್‌ಮೆಂಟು. ಆ ತಾಯಿಮರ ಬೇರುಕೊಳೆ ರೋಗದಿಂದ ಸತ್ತು, 2002ರಲ್ಲಿ ಕಡಿಯಬೇಕಾಯಿತು. ಹಳೆ ಊರಿನ ಮೂಲ ಸಿಗದ ಗಿಡ, ಹೊಸ ಊರಿನಲ್ಲಿ ಹೆಸರು ಮಾಡಿತು.

ಇರಲಿ, ಮಾಡುವ ಬಗೆ ಹೇಳುತ್ತೇನೆ. ಎರಡು ಕಳಿತ ಹಣ್ಣು ಬೇಕು. ಕಾಯಿಯಿದ್ದರೆ ಬಾಳೆಹಣ್ಣಿನ ಜೊತೆ ಕಾಗದದಲ್ಲಿ ಸುತ್ತಿಡಿ. ಅರ್ಧ ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಸ್ವಲ್ಪ ಕೊತ್ತಂಬರಿ, ಉಪ್ಪು ಇಷ್ಟನ್ನು ಮೊದಲು ಒರಳಲ್ಲಿ ಜಜ್ಜಿ. ಆಮೇಲೆ ತಿರುಳು ಹಾಕಿ ತರಿತರಿಯಾಗಿ ಕಿವುಚಿ. ಮಿಕ್ಸಿ ಬೇಡ, ಗಂಜಿಯಾಗುತ್ತದೆ. ಬೀಜ ತೆಗೆದ ಒಂದು ಟೊಮೆಟೊದ ಚೂರು, ನಿಂಬೆರಸ ಕೊನೆಗೆ. ಗಾಳಿ ತಗುಲಿದರೆ ಕಪ್ಪಾಗುತ್ತದೆ, ನಿಂಬೆಯ ಹುಳಿ ಅದನ್ನು ತುಸು ತಡೆಯುತ್ತದೆ. ಓಟೆ ಒಳಗಿಟ್ಟರೆ ಕಪ್ಪಾಗುವುದಿಲ್ಲ ಎನ್ನುವುದು ಬರಿ ನಂಬಿಕೆ. ಓಟೆ ಮುಚ್ಚಿದಷ್ಟು ಜಾಗ ಮಾತ್ರ ಹಸಿರಾಗಿರುತ್ತದೆ.

ಜೊತೆಗೇನು? ಮೆಕ್ಸಿಕೋದಲ್ಲಿ ಜೋಳ ಎಂದರೆ ಮೆಕ್ಕೆಜೋಳ. ಅದನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಅರೆದು, ತಟ್ಟಿದ ರೊಟ್ಟಿಯೇ ಟೋರ್ಟಿಯಾ. ಅದರ ಚೂರುಗಳನ್ನು ಕರಿದರೆ ಟೊಟೊಪೋಸ್. ಕರಿಯುವುದಕ್ಕೆ ಹಂದಿಕೊಬ್ಬು ಬಂದದ್ದೂ ಸ್ಪೇನಿನವರಿಂದಲೇ! ನಮ್ಮ ಮನೆಯಲ್ಲಿ ಟೋರ್ಟಿಯಾ ಇರಲಿಲ್ಲ. ಪಕ್ಕದ ಗುಜರಾತಿ ಮನೆಯವರು ಕೊಟ್ಟ ಖಾಖ್ರಾ ಇತ್ತು, ಅಮ್ಮ ತಟ್ಟಿದ ಅಕ್ಕಿರೊಟ್ಟಿ ಇತ್ತು, ಸೌತೆಕಾಯಿ ಹೋಳೂ ಇತ್ತು. ಮೂರೂ ಹೊಂದಿದವು.

ಮುಂಬಯಿಯಲ್ಲಿ ಯಾರು ಪರಿಚಯವಾದರೂ ಮೊದಲ ಪ್ರಶ್ನೆ, "ತುಮ್ಚಂ ಗಾವ್ ಕುಠ್ಲಂ?" ನನಗೆ ಉತ್ತರ ಸುಲಭ, ಸಕಲೇಶಪುರ. ಇಲ್ಲೇ ಹುಟ್ಟಿದ ಮಗಳು ಮಾತ್ರ ತಡವರಿಸುತ್ತಾಳೆ. ಊರಿಗೆ ಹೋದರೆ ಅವಳನ್ನು ಬೊಂಬಾಯಿಯವಳು ಅನ್ನುತ್ತಾರೆ. ಈ ಕಥೆಯನ್ನೆಲ್ಲ ಹೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಾ, ಹಾಗಾದರೆ ಈರುಳ್ಳಿಗೆ ಯಾರೂ ಊರು ಕೇಳುವುದಿಲ್ಲ ಅಲ್ವಾ?" ಅಂದಳು. ಆಮೇಲೆ ತಾನೇ ಎದ್ದು ಹೋಗಿ ಅರ್ಧ ಗ್ವಾಕಮೋಲೆಗೆ ಸಾಸಿವೆ ಒಗ್ಗರಣೆ ಹಾಕಿದಳು.

ಅದೇ ಮೊದಲು ಖಾಲಿಯಾಯಿತು. ನೀವೂ ಮಾಡಿ ನೋಡಿ, ಹೇಗಾಯಿತು ಅಂತ ತಿಳಿಸಿ.