ಮನೆವಾರ್ತೆ ಮತ್ತು ಪ್ರಾಂಶುಪಾಲ ಪೀಠ: ದಕ್ಷಿಣ ಬೆಂಗಳೂರಿನ ಒಂದು ನಿದರ್ಶನ

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯು ಗಂಡಿಗೂ ಹೆಣ್ಣಿಗೂ ಸಮನಾಗಿ ಅನ್ವಯಿಸುವಂತೆ ಮೇಲ್ನೋಟಕ್ಕೆ ತೋರುತ್ತದೆ. ಬಳಕೆಯಲ್ಲಿ ಹಾಗಿಲ್ಲ. ಗಂಡಸಿಗೆ ಅದು ಮನೆಯವರ ವಿಶ್ವಾಸ ಗಳಿಸೆಂಬ ಬುದ್ಧಿವಾದ. ಹೆಂಗಸಿಗೆ ಒಲೆ, ತೊಟ್ಟಿಲು, ಹಬ್ಬಹರಿದಿನಗಳ ಕೆಲಸ ಮುಗಿದ ಮೇಲೆಯೇ ಹೊಸಿಲು ದಾಟೆಂಬ ಷರತ್ತು. ಮಹಿಳೆಯರು ಸಂಸ್ಥೆಗಳ ಮುಂದಾಳುಗಳಾದ ಚರಿತ್ರೆಯನ್ನು ಈ ಷರತ್ತಿನ ಹಿನ್ನೆಲೆಯಲ್ಲಿ ಪರಿಶೀಲಿಸಬೇಕಾಗುತ್ತದೆ.

1913ರಲ್ಲಿ ನಂಜನಗೂಡು ತಿರುಮಲಾಂಬಾ ‘ಸತಿ ಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿದರು. ಅದೇ ವರ್ಷ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರಿಂದ ಶಾರದಾ ಸ್ತ್ರೀ ಸಮಾಜ ಸ್ಥಾಪನೆಯಾಯಿತು. ಇಬ್ಬರೂ ಬಾಲವಿಧವೆಯರು. ಪತಿ, ಮಕ್ಕಳೆಂಬ ಸಂಸಾರವನ್ನು ಸಮಾಜವು ಅವರಿಗೆ ನಿರಾಕರಿಸಿತ್ತು. ಆ ನಿರಾಕರಣೆಯೊಳಗಿನಿಂದಲೇ ಅವರು ಸಾರ್ವಜನಿಕ ಬದುಕನ್ನು ಕಟ್ಟಿಕೊಂಡರು. ಅವರ ಸಾಧನೆಯನ್ನು ಕೊಂಡಾಡುವ ಬರಹಗಳು ಅದಕ್ಕೆ ತೆತ್ತ ಬೆಲೆಯನ್ನು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ.

ಮನೆ ಮತ್ತು ಸಂಸ್ಥೆ ಎರಡನ್ನೂ ಒಟ್ಟಿಗೆ ಹೊರಬೇಕಾದ ತಲೆಮಾರು ಬಂದುದು ಮಹಿಳಾ ಕಾಲೇಜುಗಳು ಬಡಾವಣೆಗಳಿಗೆ ಹರಡಿದ ಮೇಲೆ. ಪದ್ಮನಾಭನಗರಕ್ಕೆ ಸಮೀಪದ ಜಯನಗರದಲ್ಲಿ 1973ರಲ್ಲಿ ಆರಂಭವಾದ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜು ಇದಕ್ಕೊಂದು ನಿದರ್ಶನ. ಅದರ ಸ್ಥಾಪಕ ಪ್ರಾಂಶುಪಾಲೆ, ಲೇಖಕಿ ಚಿ.ನ. ಮಂಗಳಾ ಅವರು 1970ರ ದಶಕದಲ್ಲಿ ಕಾಲೇಜಿನೊಳಗೆ ‘ಶಾಶ್ವತಿ’ ಎಂಬ ಮಹಿಳಾ ವಸ್ತುಸಂಗ್ರಹಾಲಯವನ್ನು ರೂಪಿಸಿದರು. ವಿಶ್ವಸಂಸ್ಥೆಯು 1975ನ್ನು ಅಂತರರಾಷ್ಟ್ರೀಯ ಮಹಿಳಾ ವರ್ಷವೆಂದು ಘೋಷಿಸಿದ್ದ ಕಾಲವದು. ಸಾಧಕಿಯರ ಚಿತ್ರಗಳೊಂದಿಗೆ ಅಡುಗೆಮನೆಯ ಪಾತ್ರೆಗಳೂ ಕೈಕಸೂತಿಯೂ ಅಲ್ಲಿ ಸ್ಥಾನ ಪಡೆದವು. ಜಾನಪದದ ದೃಷ್ಟಿಯಿಂದ ಇದು ಸಣ್ಣ ಸಂಗತಿಯಲ್ಲ. ಪ್ರಾಂಶುಪಾಲೆಯಾದವಳು ಮನೆಯನ್ನು ಮರೆಮಾಚಿ ಕಾಲೇಜಿಗೆ ಬರಬೇಕೆಂಬ ನಿರೀಕ್ಷೆಯಿದ್ದಲ್ಲಿ, ಮನೆಗೆಲಸವೇ ವಿದ್ಯೆಯ ವಿಷಯವಾಗಿ ಕಾಲೇಜನ್ನು ಪ್ರವೇಶಿಸಿತು. ಬೀಸುಕಲ್ಲಿನ ಮುಂದೆ ನಸುಕಿನಲ್ಲಿ ಹಾಡು ಕಟ್ಟಿದ ಹೆಂಗಸರಿಗೆ ದುಡಿಮೆ ಬೇರೆ, ವಿದ್ವತ್ತು ಬೇರೆ ಆಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು.

ಆದರೆ ವಸ್ತುಸಂಗ್ರಹಾಲಯದಲ್ಲಿ ಮನ್ನಣೆ ಪಡೆದ ಈ ದುಡಿಮೆಗೆ ಸೇವಾ ನಿಯಮಗಳಲ್ಲಿ ದೊರೆತ ಜಾಗ ಕಿರಿದು. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯು ಪ್ರಾಂಶುಪಾಲ ಹುದ್ದೆಗೆ ಡಾಕ್ಟರೇಟ್, ಕನಿಷ್ಠ 15 ವರ್ಷಗಳ ಬೋಧನೆ ಅಥವಾ ಸಂಶೋಧನೆಯ ಅನುಭವ, 10 ಸಂಶೋಧನ ಪ್ರಕಟಣೆಗಳನ್ನು ವಿಧಿಸಿತು. ಬಾಣಂತನ, ಮಕ್ಕಳ ಪಾಲನೆ ಬರುವುದು ಆ 15 ವರ್ಷಗಳಲ್ಲಿಯೇ. ಅದೇ ನಿಯಮಾವಳಿ ಅಪ್ರಾಪ್ತ ಮಕ್ಕಳಿರುವ ಅಧ್ಯಾಪಕಿಯರಿಗೆ ಎರಡು ವರ್ಷಗಳವರೆಗಿನ ಶಿಶುಪಾಲನಾ ರಜೆಗೂ ಅವಕಾಶ ನೀಡಿತು. ರಜೆ ಪಡೆದವಳ ಪ್ರಕಟಣೆಗಳ ಲೆಕ್ಕ ಮಾತ್ರ ಅವಳಿಗಾಗಿ ಕಾಯುವುದಿಲ್ಲ. ಪೀಠ ದೊರೆಯುವ ಹೊತ್ತಿಗೆ ಮಕ್ಕಳು ಬೆಳೆದಿರುತ್ತಾರೆ. ಆಗ ಎದುರಾಗುವುದು ಅತ್ತೆ ಮಾವಂದಿರ, ತಾಯಿ ತಂದೆಯರ ಆರೈಕೆ. ಶಿಶುಪಾಲನಾ ರಜೆಯ ವ್ಯಾಪ್ತಿಗೆ ಅದು ಸೇರುವುದಿಲ್ಲ.